ಏಳನೆಯ ಕಿಟಕಿಯ ಹಕ್ಕಿ

ಫೆಬ್ರುವರಿ 9, ಸೋಮವಾರ

ರಕ್ತದೊತ್ತಡ ಅಳೆದ ಡಾಕ್ಟರಮ್ಮ ತೋಳಿನ ಪಟ್ಟಿ ಬಿಚ್ಚುತ್ತ ಹೇಳಿದ್ದಿಷ್ಟು: ಆಫೀಸಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಆಡಬೇಡಿ, ಮನೆಗೆ ಬಂದು ಬರೆದಿಡಿ. ಸರಿ, ಬರೆಯುತ್ತಿದ್ದೇನೆ. ಐವತ್ತೊಂದು ವರ್ಷದ ಹೆಂಗಸು ಶಾಲೆಯ ಹುಡುಗಿಯ ಹಾಗೆ ದಿನಚರಿ ಬರೆಯುವ ಕಾಲ ಬಂತು.

ಇವತ್ತು ಹೊಸ ಮೇಲಧಿಕಾರಿ ಬಂದಳು. ಕೊರ್ನೆಲಿಯಾ. ಮೂವತ್ತೈದು ಇರಬಹುದು. ಬಂದವಳೇ ನಲವತ್ತೆರಡು ಜನರನ್ನೂ ಆಫೀಸಿನ ಅಡುಗೆಕೋಣೆಯಲ್ಲಿ ನಿಲ್ಲಿಸಿ, ಇನ್ನು ಮೇಲೆ ಗಂಡಸರಿಗೆ ಪಾನ್, ಹೆಂಗಸರಿಗೆ ಪಾನಿ ಎಂಬ ಮರ್ಯಾದೆಯೆಲ್ಲ ಬೇಡ, ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದು ನೀನು ಎಂದೇ ಕರೆಯೋಣ ಎಂದಳು. ಹದಿನಾರು ವರ್ಷ ಕಂಪನಿ ನಡೆಸಿದ ಹಳೆಯ ಯಜಮಾನರನ್ನು ನಾನು ಒಂದು ದಿನವೂ ಏಕವಚನದಲ್ಲಿ ಕರೆದವಳಲ್ಲ, ಅವರು ಡಿಸೆಂಬರಿನಲ್ಲಿ ಅದನ್ನು ಮಾರಿ ಕೈ ತೊಳೆದುಕೊಂಡಾಗಲೂ. ಮನಸ್ಸಿನಲ್ಲಿ ಕರೆದಿದ್ದೇನೆ, ಆ ಮಾತು ಬೇರೆ.

ಮಧ್ಯಾಹ್ನ ನನ್ನ ಮೇಜು ನೋಡಲು ಬಂದಳು. ಅದನ್ನು ಎಲ್ಲರೂ ತಂತಿಯಿಲ್ಲದ ಮೇಜು ಎನ್ನುತ್ತಾರೆ. ಅದರ ಮೇಲಿರುವ ಕಂಪ್ಯೂಟರಿಗೆ ಹುಟ್ಟಿದಾಗಿನಿಂದ ಇಂಟರ್ನೆಟ್ಟಿನ ಸೋಂಕಿಲ್ಲ. ಉಗ್ರಾಣ ಎಂಬ ನಮ್ಮ ಕಂಪನಿ ಮಾರುವ ಪ್ರತಿಯೊಂದು ವಿಡಿಯೊ ಗೇಮ್ ಮೊದಲು ಇಲ್ಲಿ ಕೂತು ಏಳಬೇಕು. ಆಟವನ್ನು ಪೆನ್‌ಡ್ರೈವಿನಲ್ಲಿ ನಾನೇ ತಂದು ಹಾಕುತ್ತೇನೆ, ಕಂಪ್ಯೂಟರಿನ ತಾರೀಖನ್ನು ಇಪ್ಪತ್ತು ವರ್ಷ ಮುಂದಕ್ಕೆ ತಳ್ಳುತ್ತೇನೆ, ಆಟ ತೆರೆಯುತ್ತೇನೆ. ಯಾವ ಸರ್ವರನ್ನೂ ಕೇಳದೆ, ಯಾರ ಅಪ್ಪಣೆಗೂ ಕಾಯದೆ ತೆರೆದುಕೊಂಡರೆ ಹಸಿರು ರಟ್ಟಿನ ರಿಜಿಸ್ಟರಿನಲ್ಲಿ ‘ತಾನಾಗಿಯೇ ತೆರೆಯಿತು’ ಎಂದು ಬರೆದು ಸಹಿ ಹಾಕುತ್ತೇನೆ. ಮಿಕ್ಕ ಅಂಗಡಿಗಳು ಆಟಕ್ಕೆ ಬೀಗ ಹಾಕಿ, ಕೀಲಿಯನ್ನು ತಾವೇ ಇಟ್ಟುಕೊಂಡು ಮಾರುತ್ತವೆ. ನಾವು ಬೀಗವಿಲ್ಲದೆ ಮಾರುತ್ತೇವೆ. ನಮ್ಮ ಹೆಚ್ಚುಗಾರಿಕೆ ಇಷ್ಟೇ.

ಕೊರ್ನೆಲಿಯಾ ರಿಜಿಸ್ಟರಿನ ಹಾಳೆ ತಿರುವಿ, ಕಾಗದದ ಮೇಲೆ ಬರೆಯುತ್ತೀಯಾ, ಎಷ್ಟು ಮುದ್ದಾಗಿದೆ ಎಂದಳು. ನನ್ನ ಒತ್ತಡ ಏರಿದ್ದು ಆಗಲೇ ಇರಬೇಕು.

ಸಂಜೆ ಗಿರಾಕಿಗಳ ಪತ್ರಗಳಿಗೆ ಉತ್ತರಿಸಿದೆ. ಅದೂ ನನ್ನ ಕೆಲಸವೇ. ಕಂಪನಿ ಕೈಬದಲಾದ ಮೇಲೆ ತಲೆ ತಿನ್ನುವವರು ಹೆಚ್ಚಾಗಿದ್ದಾರೆ. ನೀವು ಮುಚ್ಚಿದರೆ ನಮ್ಮ ಆಟಗಳ ಗತಿ ಏನು ಎಂದು ಎಲ್ಲರದೂ ಒಂದೇ ರಾಗ. ಚೆರೆಮ್ಖಾ ಊರಿನ ಅಪೊಲಿನಾರಿ ಎಂಬ ಮುದುಕರು ಮೊದಲಿನಿಂದಲೂ ತಿಂಗಳಿಗೊಂದು ಬರೆಯುತ್ತಾರೆ. ಎಲ್ಲರಿಗೂ ಒಂದೇ ಉತ್ತರ, ಎಂದೋ ನಾನೇ ಬರೆದಿಟ್ಟದ್ದು: ‘ನಿಮ್ಮ ಆಟ ಎಂದೆಂದಿಗೂ ನಿಮ್ಮದೇ. ನಾವು ಇಲ್ಲಿಯೇ ಇದ್ದೇವೆ. — ಬೋಗ್ನಾ.’ ಒಂದು ಗುಂಡಿ ಒತ್ತಿದರೆ ಹೋಗುತ್ತದೆ.

ಫೆಬ್ರುವರಿ 12, ಗುರುವಾರ

ಉಪವಾಸದ ದಿನಗಳಿಗೆ ಮುಂಚಿನ ಕೊಬ್ಬಿನ ಗುರುವಾರ. ಇಡೀ ವಾರ್ಸಾ ಪೊಂಚ್ಕಿ ಎಂಬ ಕರಿದ ಸಿಹಿ ಬನ್ನು ತಿನ್ನುವ ದಿನ. ಕೊರ್ನೆಲಿಯಾ ನಾಲ್ಕು ಡಬ್ಬಿ ತರಿಸಿದ್ದಳು, ಒಳಗೆ ಗುಲಾಬಿಯ ಜಾಮ್, ಮೇಲೆ ಕಿತ್ತಳೆ ಸಿಪ್ಪೆ. ನಾನು ಮೂರು ತಿಂದೆ. ನಾಲ್ಕನೆಯದಕ್ಕೆ ಕೈ ಹಾಕುವಾಗ ಅವಳು ವಿಷಯ ತೆಗೆದಳು.

ದೊಡ್ಡ ಪ್ರಕಾಶಕರೊಬ್ಬರು ತಮ್ಮ ಹೊಸ ಆಟಗಳನ್ನೆಲ್ಲ ನಮಗೆ ಕೊಡಲು ಒಪ್ಪಿದ್ದಾರಂತೆ. ಷರತ್ತು ಒಂದೇ: ಆಟವನ್ನು ಮೊದಲ ಸಲ ತೆರೆದಾಗ ಅದು ನಮ್ಮ ಸರ್ವರನ್ನು ಕೇಳಿಕೊಳ್ಳಬೇಕು.

“ಒಂದೇ ಒಂದು ಸಲ ಕೇಳತ್ತೆ ಬೋಗ್ನಾ, ಆಮೇಲೆ ಜನ್ಮದಲ್ಲಿ ಕೇಳಲ್ಲ,” ಎಂದಳು.

ಆ ಒಂದು ಸಲ ಉತ್ತರ ಹೇಳಲು ಸರ್ವರ್ ಇರದಿದ್ದರೆ ಏನು ಮಾಡುತ್ತಾರೆ ಎಂದೆ. ಇರುತ್ತದೆ ಎಂದಳು. ಎಷ್ಟು ದಿನ ಎಂದೆ. ಆಗ ಅವಳು ಗೋಡೆಯ ಮೇಲೆ ಒಂದು ಲೆಕ್ಕ ತೋರಿಸಿದಳು. ನಮ್ಮಲ್ಲಿ ಆಟ ಕೊಂಡ ನೂರು ಜನರಲ್ಲಿ ಅದನ್ನು ಇಳಿಸಿಕೊಂಡು ಬೇರೆ ಡಿಸ್ಕಿನಲ್ಲಿ ಎತ್ತಿಟ್ಟುಕೊಂಡವರು ಆರು ಜನ. ಮಿಕ್ಕ ತೊಂಬತ್ನಾಲ್ಕು ಮಂದಿ ಅದನ್ನು ನಮ್ಮ ಸರ್ವರಿನಲ್ಲಿರುವ ತಮ್ಮ ಕಪಾಟಿನಲ್ಲೇ ಬಿಟ್ಟಿದ್ದಾರೆ, ಬೇಕಾದಾಗ ಬಂದು ಆಡಿ ಹೋಗುತ್ತಾರೆ. ಬೀಗವಿಲ್ಲದ್ದು ಬೇಕು ಅಂತ ಕೂಗಾಡೋರೇ ಮನೆಗೆ ಒಯ್ಯಲ್ಲವಲ್ಲ, ಮತ್ತೆ ಯಾರಿಗೋಸ್ಕರ ಈ ಹಟ ಎಂದು ಕೇಳಿದಳು. ಮೆತ್ತಗೇ ಕೇಳಿದಳು. ಅದಕ್ಕೇ ಸಿಟ್ಟು ಬಂತು.

ಮನೆಗೆ ಬಂದು ನನ್ನ ಖಾತೆ ತೆರೆದು ನೋಡಿದೆ. ನೂರ ನಲವತ್ತು ಆಟಗಳಿವೆ. ಮನೆಯಲ್ಲಿ ಇಳಿಸಿಟ್ಟದ್ದು ಒಂದೂ ಇಲ್ಲ. ಹದಿನಾರು ವರ್ಷ ಅಲ್ಲೇ ಕೂತು ದುಡಿಯುವವಳಿಗೆ ಅದರ ಅಗತ್ಯವೂ ಇಲ್ಲ ಬಿಡಿ. ಯಾರಿಗೆ ಬಿಡಿ ಎನ್ನುತ್ತಿದ್ದೇನೋ ಗೊತ್ತಿಲ್ಲ.

ಫೆಬ್ರುವರಿ 22, ಭಾನುವಾರ

ರದೋಮಿಗೆ ಹೋಗಿ ಅಮ್ಮನನ್ನು ನೋಡಿಕೊಂಡು ಬಂದೆ. ಎಪ್ಪತ್ತೇಳಾದರೂ ಇಸ್ಪೀಟಿನಲ್ಲಿ ಮೂವರು ನೆರೆಯವರನ್ನು ಮಣ್ಣು ಮುಕ್ಕಿಸುತ್ತಿದ್ದಳು. ಆಟ ಮುಗಿಯುವವರೆಗೂ ನನ್ನತ್ತ ತಿರುಗಿಯೂ ನೋಡಲಿಲ್ಲ. ಆಮೇಲೆ ಮೊದಲ ಮಾತು:

“ಏನೇ, ಖಾಲಿ ಭರಣಿ ತಂದ್ಯಾ?”

ಮರೆತಿದ್ದೆ. ಎರಡು ವಾರಕ್ಕೊಮ್ಮೆ ಅಮ್ಮ ಗಾಜಿನ ಭರಣಿಗಳಲ್ಲಿ ಹುಳಿ ಎಲೆಕೋಸು, ಸೌತೆಕಾಯಿ, ಪ್ಲಮ್ ಹಣ್ಣಿನ ಜಾಮ್ ತುಂಬಿ ಕೊಡುತ್ತಾಳೆ. ವಾರ್ಸಾದಲ್ಲಿ ನಮ್ಮಂಥ ಹೊರಗಿನವರಿಗೆ ಭರಣಿಗಳು ಎಂದೇ ಅಡ್ಡಹೆಸರು. ಮೂವತ್ತು ವರ್ಷದಿಂದ ಅಲ್ಲಿದ್ದರೂ ನಾನು ಭರಣಿಯೇ. ಬೈಸಿಕೊಂಡು, ಅವಳ ಜೊತೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಇಳಿದೆ. ಪ್ರತಿ ಭರಣಿಯ ಮೇಲೂ ಚೀಟಿ: ಏನು, ಯಾವ ವರ್ಷ, ಯಾರ ತೋಟದ್ದು. ಕೆಳಗಿನ ಹಲಗೆಯ ಮೂಲೆಯಲ್ಲಿ ಅಡುಗೆಮನೆ ಬಟ್ಟೆಯಲ್ಲಿ ಸುತ್ತಿದ ಗಂಟೊಂದು ಕಣ್ಣಿಗೆ ಬಿತ್ತು. ಅದರಲ್ಲೇನಿದೆ ಎಂದು ನನಗೆ ಗೊತ್ತು. ನೋಡದವಳ ಹಾಗೆ ಮೇಲೆ ಬಂದೆ.

ಮಾರ್ಚ್ 3, ಮಂಗಳವಾರ

ಕೊರ್ನೆಲಿಯಾ ಒಂದು ಪಟ್ಟಿ ಕಳಿಸಿದ್ದಾಳೆ. ದೊಡ್ಡ ಪ್ರಕಾಶಕರ ವಕೀಲರು ನಮ್ಮ ಪ್ರತಿಯೊಂದು ಆಟದ ಪ್ರತಿಯೂ ಎಲ್ಲಿಂದ ಬಂತು ಎಂದು ದಾಖಲೆ ಕೇಳುತ್ತಿದ್ದಾರೆ. ಅನುಮಾನದ್ದು ಇದ್ದರೆ ಒಪ್ಪಂದವಿಲ್ಲ.

ಬರೆದೇಬಿಡುತ್ತೇನೆ, ಇಲ್ಲದಿದ್ದರೆ ಡಾಕ್ಟರಮ್ಮನಿಗೆ ಮೋಸ ಮಾಡಿದ ಹಾಗೆ.

ತೊಂಬತ್ತೇಳನೆಯ ಇಸವಿ. ನಾನು ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿನಿ. ಭಾನುವಾರಗಳಂದು ಗ್ಝಿಬೊಫ್ಸ್ಕಾ ಬೀದಿಯ ಕಂಪ್ಯೂಟರ್ ಸಂತೆಯಲ್ಲಿ ಮೇಜು ಹಾಕಿಕೊಂಡು ಆಟಗಳನ್ನು ಮಾರುತ್ತಿದ್ದೆ. ಕದ್ದ ಪ್ರತಿಗಳು. ಆಗ ನಮಗೆ ಅದು ಕಳ್ಳತನ ಎಂದು ಅನಿಸುತ್ತಲೇ ಇರಲಿಲ್ಲ, ಊರಿಗೆ ಊರೇ ಅಲ್ಲಿ ಕೊಳ್ಳುತ್ತಿತ್ತು. ಬೀಗ ಒಡೆಯುವುದು ನನ್ನ ಪಾಲಿನ ಕೆಲಸ. ವೂಚ್ ಊರಿನ ಒಂದು ಸಣ್ಣ ತಂಡ ‘ಹನ್ನೆರಡು ಕಿಟಕಿಗಳ ಮನೆ’ ಎಂಬ ಆಟ ಮಾಡಿತ್ತು. ಖಾಲಿ ಮನೆಯಲ್ಲಿ ಕಿಟಕಿಯಿಂದ ಕಿಟಕಿಗೆ ನಡೆಯುವುದು, ಅಷ್ಟೇ ಆಟ. ಆದರೆ ಕಿಟಕಿಗಳ ಚಿತ್ರಗಳಿದ್ದವಲ್ಲ, ಅಂಥವನ್ನು ನಾನು ಮತ್ತೆ ಎಲ್ಲೂ ನೋಡಲಿಲ್ಲ. ಅದರ ಬೀಗ ಒಡೆಯಲು ಹನ್ನೊಂದು ದಿನ ಬೇಕಾಯಿತು. ಬೇರೆ ಒಡೆಯುವವರು ಆಟ ತೆರೆಯುವ ಮುನ್ನ ತಮ್ಮ ಹೆಸರನ್ನು ದೊಡ್ಡದಾಗಿ ಬರೆದು ಹಾಡು ಬೇರೆ ಹಾಕುತ್ತಿದ್ದರು. ನಾನು ಏಳನೆಯ ಕಿಟಕಿಯ ಅಂಚಿನ ಮೇಲೆ ಒಂದು ಸಣ್ಣ ಹಕ್ಕಿಯನ್ನು ಕೂರಿಸಿದೆ. ನಿಜವೆಂಬಂತೆ ಕಾಣಲಿ ಎಂದು ಅದಕ್ಕೆ ನೆರಳನ್ನೂ ಇಟ್ಟೆ.

ಆಮೇಲೆ ಪ್ರಕಾಶಕರು ದಿವಾಳಿಯೆದ್ದರು. ಬೀಗ ಮಾಡಿದ ಕಂಪನಿಯೂ ಮುಚ್ಚಿತು. ಎರಡು ಸಾವಿರದ ಹತ್ತರಲ್ಲಿ ಉಗ್ರಾಣ ಆ ಆಟದ ಹಕ್ಕು ಕೊಂಡಾಗ ಇದ್ದಬದ್ದ ಮೂಲ ಡಿಸ್ಕುಗಳು ಒಂದೂ ತೆರೆಯುತ್ತಿರಲಿಲ್ಲ. ಒಳಗಿನ ಬೀಗ ಫೋನು ಮಾಡಿ ಪಡೆಯಬೇಕಾದ ಸಂಖ್ಯೆಯೊಂದನ್ನು ಕೇಳುತ್ತಿತ್ತು, ಕೊಡಬೇಕಾದವರೇ ಇರಲಿಲ್ಲ. ಒಂದು ವಾರದಲ್ಲಿ ಬಿಡುಗಡೆ. ನಾನು ರದೋಮಿಗೆ ಹೋಗಿ, ಅಮ್ಮನ ಜಾಮಿನ ಭರಣಿಗಳ ನಡುವಿನಿಂದ ನನ್ನ ಡಿಸ್ಕಿನ ನಕಲು ತಂದೆ. ಮೇಜಿನ ಮೇಲೆ ಹಾಕಿದೆ, ತೆರೆಯಿತು. ರಿಜಿಸ್ಟರಿನಲ್ಲಿ ‘ಪ್ರತಿ ಎಲ್ಲಿಂದ ಬಂತು’ ಎಂಬ ಕಡೆ ‘ಪ್ರಕಾಶಕರ ಮೂಲ ಪ್ರತಿ’ ಎಂದು ಬರೆದು ಸಹಿ ಹಾಕಿದೆ.

ಹಕ್ಕಿಯನ್ನು ಅಳಿಸಬಹುದಿತ್ತು. ಅಳಿಸಲಿಲ್ಲ. ಯಾಕೆ ಎಂದು ಕೇಳಿದರೆ ಮನಸ್ಸು ಬರಲಿಲ್ಲ, ಅಷ್ಟೇ.

ಮಾರ್ಚ್ 11, ಬುಧವಾರ

ಚೆರೆಮ್ಖಾದ ಮುದುಕರು ಈ ಸಲ ಅಂಚೆಯಲ್ಲಿ ಬರೆದಿದ್ದಾರೆ. ಶಾಯಿಯಲ್ಲಿ, ದುಂಡು ಅಕ್ಷರ. ಪೂರ್ತಿ ಇಲ್ಲಿ ಇಳಿಸುವುದಿಲ್ಲ, ಇಷ್ಟು ಸಾಕು:

‘ಮಾನ್ಯ ಪಾನಿ ಬೋಗ್ನಾ, ಇಷ್ಟು ವರ್ಷದಿಂದ ನೀವು ನನಗೆ ಒಂದೇ ವಾಕ್ಯ ಕಳಿಸುತ್ತಿದ್ದೀರಿ. ನಾನು ಈಗ ಕಂಪನಿಯನ್ನು ಕೇಳುತ್ತಿಲ್ಲ, ನಿಮ್ಮನ್ನು ಕೇಳುತ್ತಿದ್ದೇನೆ. ಹನ್ನೆರಡು ಕಿಟಕಿಗಳ ಮನೆಯ ಚಿತ್ರಗಳನ್ನು ಬರೆದವನು ನಾನು. ಪೆಟ್ಟಿಗೆಯ ಮೇಲೆ ಹೆಸರು ಹಾಕಲಿಲ್ಲ, ಆಗ ಹಾಗೆ ರೂಢಿ. ರಟ್ಟಿನ ಮೇಲೆ ಬರೆದ ಮೂಲ ಚಿತ್ರಗಳನ್ನು ಕಂಪನಿ ಮುಚ್ಚಿದ ದಿನ ಕಸದ ಗಾಡಿಗೆ ಹಾಕಿದರು. ನನ್ನ ಆಟವನ್ನು ನಿಮ್ಮಲ್ಲಿ ನಾನೇ ಕೊಂಡೆ. ಜನವರಿಯಲ್ಲಿ ಕಂಪ್ಯೂಟರ್ ಸತ್ತಿತು. ಹೊಸದಕ್ಕೆ ಇಳಿಸಿಕೊಳ್ಳಲು ಹೋದರೆ ಇಲ್ಲಿಯ ಇಂಟರ್ನೆಟ್ ಅರ್ಧ ದಾರಿಯಲ್ಲಿ ಕಡಿದುಹೋಗುತ್ತದೆ. ನನಗೆ ಎಪ್ಪತ್ತೆಂಟು. ಅದು ಇನ್ನೂ ಎಷ್ಟು ದಿನ ಅಲ್ಲಿರುತ್ತದೆ, ನಿಜ ಹೇಳಿ. ಒಂದು ಚಿತ್ರದ ಬಗ್ಗೆ ದೂರೂ ಇದೆ, ಅದು ಆಮೇಲೆ.’

ಅವರೂ ತೊಂಬತ್ನಾಲ್ಕರಲ್ಲಿ ಒಬ್ಬರು. ಬರೆದವರ ಕೈಯಲ್ಲೇ ಪ್ರತಿ ಇಲ್ಲ.

ಆ ಗುಂಡಿ ಒತ್ತಲು ಕೈ ಹೋಗಲಿಲ್ಲ. ಬೇರೆ ಉತ್ತರವನ್ನೂ ಬರೆಯಲಿಲ್ಲ. ದೂರು ಏನು ಎಂದು ಊಹಿಸಬಲ್ಲೆ.

ಏಪ್ರಿಲ್ 5, ಈಸ್ಟರ್

ಅಮ್ಮನ ಮನೆ. ನಿನ್ನೆ ಚರ್ಚಿನಿಂದ ಆಶೀರ್ವಾದ ಮಾಡಿಸಿ ತಂದ ಬುಟ್ಟಿಯ ಮೊಟ್ಟೆ ಹಂಚಿಕೊಂಡು ತಿಂದೆವು. ಮುಖ ಯಾಕೆ ಹೀಗಿದೆ ಎಂದಳು. ಕೆಲಸ ಎಂದೆ. ಭರಣಿ ತಂದ್ಯಾ ಎಂದಳು. ತಂದಿದ್ದೆ, ಹನ್ನೊಂದು.

ಏಪ್ರಿಲ್ 21, ಮಂಗಳವಾರ

ಸಿಕ್ಕಿಬಿತ್ತು.

ವಕೀಲರು ಯಾವನೋ ಹಳೆಯ ಆಟಗಳ ಸಂಗ್ರಾಹಕನಿಂದ ಸೀಲು ಒಡೆಯದ ಪೆಟ್ಟಿಗೆ ಕೊಂಡು, ಡಿಸ್ಕಿನಿಂದ ಚಿತ್ರಗಳನ್ನಷ್ಟೇ ಹೊರತೆಗೆದು, ನಮ್ಮ ಪ್ರತಿಯ ಪಕ್ಕದಲ್ಲಿಟ್ಟು ಹೋಲಿಸಿದ್ದಾರೆ. ಕೊರ್ನೆಲಿಯಾ ಬಾಗಿಲು ಹಾಕಿ ಎರಡು ಚಿತ್ರ ತೋರಿಸಿದಳು. ಎರಡೂ ಏಳನೆಯ ಕಿಟಕಿ. ಒಂದರಲ್ಲಿ ಖಾಲಿ ಅಂಚು, ಇನ್ನೊಂದರಲ್ಲಿ ಹಕ್ಕಿ. ಇಷ್ಟು ವರ್ಷದ ಮೇಲೆ ನೋಡುತ್ತಿದ್ದೇನೆ, ಎಷ್ಟು ಪುಟ್ಟದು!

ಸಂತೆಯ ಕಳ್ಳರ ಗುರುತಂತೆ ಇದು ಎಂದಳು. ಯಾರದು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹಳೆಯ ಯಜಮಾನರೇ ತಂದಿರಬೇಕು ಎಂದು ಅವಳ ಎಣಿಕೆ. ಮೇ 29ರಂದು ಆಟವನ್ನು ತೆಗೆಯುತ್ತಾರೆ. ಅಂಗಡಿಯಿಂದ ಮಾತ್ರವಲ್ಲ, ಕೊಂಡವರ ಕಪಾಟುಗಳಿಂದಲೂ. ಯಾರಿಗೂ ಪತ್ರ ಬರೆಯುವ ಹಾಗಿಲ್ಲ, ಗದ್ದಲವಾದರೆ ಒಪ್ಪಂದ ಮುರಿಯುತ್ತದೆ.

ಅದನ್ನು ಕೊಂಡ ಮೂರು ಸಾವಿರದ ನೂರ ಹನ್ನೆರಡು ಜನರ ಆಟ ಎಂದೆ. ನಲವತ್ತೆರಡು ಜನರ ಕೆಲಸ ಎಂದಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಪಾಪ ಅನಿಸಿತು, ಸುಳ್ಳು ಯಾಕೆ ಬರೆಯಲಿ.

ಏಳುವಾಗ ಇನ್ನೊಂದು ಕಾಗದ ಕೊಟ್ಟಳು. ಹೊಸ ಆಟಗಳು ಒಂದು ಸಲ ಸರ್ವರನ್ನು ಕೇಳಿದ ಮೇಲೆ ತಂತಿ ಕಿತ್ತರೂ ತೆರೆಯುತ್ತವೆ. ಆದ್ದರಿಂದ ರಿಜಿಸ್ಟರಿನಲ್ಲಿ ‘ತಾನಾಗಿಯೇ ತೆರೆಯಿತು’ ಎಂಬ ಹಳೆಯ ವಾಕ್ಯವನ್ನೇ ಬರೆದು ಸಹಿ ಹಾಕಬೇಕಂತೆ. ನನ್ನ ಸಹಿಗೆ ಗಿರಾಕಿಗಳಲ್ಲಿ ಬೆಲೆ ಇದೆಯಂತೆ.

ಮೇ 6, ಬುಧವಾರ

ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಪೆನ್ನು ಸಿಗಲಿಲ್ಲ ಎಂದೆ.

ಮೇ 7, ಗುರುವಾರ

ಇವತ್ತೂ ಪೆನ್ನು ಸಿಗಲಿಲ್ಲ. ಕೊರ್ನೆಲಿಯಾ ಒಂದು ಡಬ್ಬಿ ಪೆನ್ನು ತಂದಿಟ್ಟಳು.

ಮನೆಗೆ ಬಂದು ನನ್ನ ನೂರ ನಲವತ್ತು ಆಟಗಳನ್ನು ಇಳಿಸಲು ಹಚ್ಚಿದ್ದೇನೆ. ಡಿಸ್ಕು ಖಾಲಿ ಬಿದ್ದಿತ್ತು, ಅದಕ್ಕೆ. ಬೇರೆ ಕಾರಣವಿಲ್ಲ.

ಮೇ 18, ಸೋಮವಾರ

ಬೆಳಿಗ್ಗೆ ಹತ್ತು ಗಂಟೆಗೆ ಪತ್ರ ಕಳಿಸಿದೆ. ಅದೇ ಗುಂಡಿ, ಹಳೆಯ ವಾಕ್ಯದ ಜಾಗದಲ್ಲಿ ಹೊಸದು ತುಂಬಿದೆ. ಮೂರು ಸಾವಿರದ ನೂರ ಹನ್ನೆರಡು ಜನಕ್ಕೂ ಒಟ್ಟಿಗೆ ಹೋಯಿತು:

‘ಹನ್ನೆರಡು ಕಿಟಕಿಗಳ ಮನೆ ಈ ತಿಂಗಳ 29ರ ನಂತರ ಇಲ್ಲಿ ಇರುವುದಿಲ್ಲ. ಇವತ್ತೇ ಇಳಿಸಿಕೊಳ್ಳಿ, ಬೇರೆ ಡಿಸ್ಕಿನಲ್ಲಿ ಎತ್ತಿಡಿ, ಮೇಲೆ ಚೀಟಿ ಅಂಟಿಸಿ. ನಿಮ್ಮ ಆಟ ಎಂದೆಂದಿಗೂ ನಿಮ್ಮದೇ ಎಂದು ನಾನು ಬರೆಯುತ್ತಿದ್ದೆ. ನಮ್ಮ ಮನೆಯಲ್ಲಿ ಇಲ್ಲದ್ದು ನಮ್ಮದಲ್ಲ. ಇದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಕ್ಷಮಿಸಿ. — ಬೋಗ್ನಾ.’

ಹತ್ತೂಕಾಲಿಗೆ ಕೊರ್ನೆಲಿಯಾಳ ಕೋಣೆಗೆ ನಾನೇ ಹೋದೆ. ಕರೆಸುವವರೆಗೆ ಕಾಯುವುದು ನನ್ನಿಂದಾಗದು. ಪತ್ರದ ವಿಷಯ ಹೇಳಿದೆ. ಹಕ್ಕಿಯ ವಿಷಯವನ್ನೂ ಹೇಳಿದೆ: ಅದು ನನ್ನದು, ಯಜಮಾನರದಲ್ಲ, ರಿಜಿಸ್ಟರಿನಲ್ಲಿ ಸುಳ್ಳು ಬರೆದವಳೂ ನಾನೇ. ಅವಳು ಎದ್ದು ಬಾಗಿಲು ಹಾಕಿದಳು. ಆಮೇಲೆ,

“ಮೂರು ತಿಂಗಳಿಂದ ನಾನು ಈ ಕಂಪನೀನ ಉಳಿಸೋಕೆ ಒದ್ದಾಡ್ತಾ ಇದೀನಿ, ಗೊತ್ತಾ ನಿಂಗೆ?” ಎಂದಳು.

“ಗೊತ್ತು.”

“ಒಪ್ಪಂದ ಮುರಿದುಬಿದ್ರೆ?”

ವಕೀಲರಿಗೆ ಕೊಡಲು ಅವಳಿಗೆ ಒಂದು ಹೆಸರು ಬೇಕಿತ್ತು, ನನ್ನದನ್ನು ಕೊಡು ಎಂದೆ. ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಹೊರಗೆ ಬಂದು ಚಹಾ ಕುಡಿದೆ. ಎಷ್ಟೋ ದಿನದ ಮೇಲೆ ಹಸಿವಾಯಿತು.

ಮೇ 29, ಶುಕ್ರವಾರ

ನಾಲ್ಕು ಗಂಟೆಗೆ ಆಟವನ್ನು ತೆಗೆದರು. ಅಷ್ಟರಲ್ಲಿ ಎರಡು ಸಾವಿರದ ಏಳು ಜನ ಇಳಿಸಿಕೊಂಡಿದ್ದರು. ಮಿಕ್ಕ ಸಾವಿರ ಚಿಲ್ಲರೆ ಮಂದಿಗೆ ಪತ್ರ ತಲುಪಿತೋ ಇಲ್ಲವೋ, ಇದ್ದಾರೋ ಇಲ್ಲವೋ. ಚೆರೆಮ್ಖಾದವರು ಆ ಪಟ್ಟಿಯಲ್ಲಿರಲಿಲ್ಲ. ಒಂಬತ್ತು ಸಲ ಪ್ರಯತ್ನಿಸಿದ್ದು, ಒಂಬತ್ತು ಸಲವೂ ಕಡಿದುಹೋದದ್ದು ದಾಖಲೆಯಲ್ಲಿ ಕಾಣುತ್ತಿತ್ತು. ಅದನ್ನು ನೋಡುತ್ತ ಕೂತಿದ್ದೆ.

ಒಪ್ಪಂದ ಉಳಿಯಿತಂತೆ. ತಪ್ಪಿತಸ್ಥೆ ಸಿಕ್ಕಿದ್ದರಿಂದ ವಕೀಲರಿಗೆ ಸಮಾಧಾನ. ನಲವತ್ತೊಂದು ಜನರ ಕೆಲಸ ಇದೆ, ಬೀಗವೂ ಇರುತ್ತದೆ.

ಚೀಲ ತುಂಬಿಕೊಳ್ಳುವಾಗ ಕೊರ್ನೆಲಿಯಾ ಬಂದಳು. ಕೈಯಲ್ಲಿ ಹಸಿರು ರಿಜಿಸ್ಟರ್. ಇನ್ನು ಮೇಲೆ ಎಲ್ಲ ಕಂಪ್ಯೂಟರಿನಲ್ಲೇ, ಇದು ರದ್ದಿಗೆ ಹೋಗುವ ಸಾಮಾನು ಎಂದು ಮೇಜಿನ ಮೇಲಿಟ್ಟಳು. ಬಾಗಿಲವರೆಗೆ ಹೋಗಿ ತಿರುಗಿದಳು.

“ನಿನ್ನೆ ನಾನೂ ಇಳಿಸಿಕೊಂಡೆ, ಪಾನಿ ಬೋಗ್ನಾ. ಆ ಹಕ್ಕಿ ಚೆನ್ನಾಗಿದೆ.”

ಪಾನಿ ಎಂದಳು. ನಾನು ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡೆ.

ಜೂನ್ 3, ಬುಧವಾರ

ರದೋಮ್. ಕೆಲಸ ಹೋಯಿತು ಎಂದು ಅಮ್ಮನಿಗೆ ಹೇಳಿದೆ. ಯಾಕೆ ಎಂದದ್ದಕ್ಕೆ ಎಲ್ಲ ಹೇಳಿದೆ, ಸಂತೆಯಿಂದ ಹಿಡಿದು. ಅಮ್ಮ ಕೇಳಿಸಿಕೊಂಡು ನೆಲಮಾಳಿಗೆಗೆ ಇಳಿದು ಹೋಗಿ, ಆ ಬಟ್ಟೆಯ ಗಂಟು ಮತ್ತು ಎರಡು ಭರಣಿ ತಂದು ಮೇಜಿನ ಮೇಲಿಟ್ಟಳು.

“ಈ ಹಾಳು ಡಿಸ್ಕನ್ನ ಒರೆಸಿ ಒರೆಸಿ ಇಟ್ಟಿದೀನಿ ಇಷ್ಟು ವರ್ಷ. ಯಾರಿಗೆ ಬೇಕೋ ಅವರಿಗೆ ಕೊಟ್ಟು ಬಾ. ಇನ್ನೊಬ್ಬರ ಮನೆಗೆ ಬರಿಗೈಲಿ ಹೋಗ್ಬೇಡ, ಒಂದು ಪ್ಲಮ್ಮು, ಒಂದು ಸೌತೆಕಾಯಿ. ಭರಣಿ ಮಾತ್ರ ಕೇಳಿ ಇಸ್ಕೊಂಡು ಬಾ.”

ಜೂನ್ 4, ಗುರುವಾರ, ಕ್ರಿಸ್ತನ ದೇಹದ ಹಬ್ಬ

ಚೆರೆಮ್ಖಾ, ಪಾನ್ ಅಪೊಲಿನಾರಿಯವರ ಮನೆ. ಸಂಜೆಯ ರೈಲು ತಪ್ಪಿಸಿಕೊಂಡೆ, ತಪ್ಪಿಸಿಕೊಳ್ಳಲೆಂದೇ ಕೂತಿದ್ದೆ ಅನಿಸುತ್ತದೆ. ಬೆಳಕಿರುವಾಗಲೇ ಬರೆದುಬಿಡುತ್ತೇನೆ.

ಶೆದ್ಲ್‌ತ್ಸೆಯಲ್ಲಿ ರೈಲು ಬದಲಿಸಿ ಹನ್ನೊಂದಕ್ಕೆ ಇಳಿದೆ. ಹಬ್ಬದ ಮೆರವಣಿಗೆ ಆಗಷ್ಟೇ ಮುಗಿದು ಬೀದಿಯಲ್ಲೆಲ್ಲ ಹೂವಿನ ಎಸಳು ಬಿದ್ದಿದ್ದವು. ನಾನು ಬರುತ್ತೇನೆಂದು ಫೋನು ಮಾಡಿದಾಗ ಅವರು ಹೂಂ ಎಂದಿದ್ದರು, ಅಷ್ಟೇ. ಎತ್ತರದ, ಬೆನ್ನು ಬಾಗದ ಮುದುಕರು. ಬೆರಳ ತುದಿಗಳಲ್ಲಿ ಬಣ್ಣ. ಗ್ಲಾಸಿನಲ್ಲಿ ಚಹಾ, ಒಲೆಯಿಂದ ತೆಗೆದ ಬಿಸಿ ಆಲೂಗಡ್ಡೆ ಕಡುಬು ಮುಂದಿಟ್ಟರು. ಭರಣಿಗಳ ಚೀಟಿ ಓದಿ ತಲೆಯಾಡಿಸಿದರು.

ನಾನು ನನ್ನ ಹಳೆಯ ಡಿಸ್ಕಿನಿಂದ ಆಟವನ್ನು ಅವರ ಹೊಸ ಕಂಪ್ಯೂಟರಿಗೆ ಇಳಿಸಿದೆ. ಇಂಟರ್ನೆಟ್ಟಿನ ತಂತಿ ಕಿತ್ತೆ. ಅಭ್ಯಾಸಬಲ, ತಾರೀಖನ್ನೂ ಇಪ್ಪತ್ತು ವರ್ಷ ಮುಂದಕ್ಕೆ ತಳ್ಳಿದೆ. ಅವರು ಅದನ್ನು ನೋಡಿ, ಅಷ್ಟು ದಿನ ನಾನಿರಲ್ಲ ಎಂದರು. ಆಟ ಇರತ್ತೆ ಎಂದೆ. ತೆರೆಯಿತು.

ಅವರು ಮೊದಲ ಕಿಟಕಿಯ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಎರಡನೆಯದು, ಮೂರನೆಯದು. ಪರದೆಯ ಮಡಿಕೆ, ಗಾಜಿನ ಮೇಲಿನ ಮಂಜು, ಇದನ್ನು ನನ್ನ ಅಕ್ಕನ ಮನೆ ನೋಡಿ ಬರೆದೆ, ಇದನ್ನು ಆಸ್ಪತ್ರೆಯಲ್ಲಿದ್ದಾಗ ಎಂದು ಒಂದೊಂದಾಗಿ ಹೇಳುತ್ತ ಹೋದರು. ಏಳನೆಯದಕ್ಕೆ ಬಂದಾಗ ಬೆರಳಿಟ್ಟು ತೋರಿಸಿದರು.

“ಇದೇ ನನ್ನ ದೂರು. ಈ ಹಕ್ಕಿ ನಾನು ಬರೆದದ್ದಲ್ಲ.”

“ನಾನು ಬರೆದದ್ದು,” ಎಂದೆ.

ನನ್ನ ಕಡೆ ತಿರುಗಿದರು. ಸಂತೆಯ ಕಥೆ ಹೇಳಿದೆ, ಹನ್ನೊಂದು ದಿನ, ಬೀಗ, ರಿಜಿಸ್ಟರಿನ ಸುಳ್ಳು, ಏನನ್ನೂ ಬಿಡಲಿಲ್ಲ. ಅವರ ಮುಖ ಗಟ್ಟಿಯಾಯಿತು.

“ತೊಂಬತ್ತೆಂಟರಲ್ಲಿ ನಮಗೆ ಮೂರು ತಿಂಗಳು ಸಂಬಳ ಕೊಡಲಿಲ್ಲ, ಪಾನಿ ಬೋಗ್ನಾ. ಆಟ ಎಲ್ಲ ಸಂತೇಲಿ ಬಿಕರಿ ಆಗ್ತಿದೆ, ಅಂಗಡೀಲಿ ಯಾರೂ ಕೊಳ್ತಿಲ್ಲ ಅಂದ್ರು. ನನ್ನ ಹೆಂಡತಿ ಆಗ ಅಕ್ಕಪಕ್ಕದೋರ ಬಟ್ಟೆ ಒಗೆದು ಮನೆ ನಡೆಸಿದ್ಲು.”

ಕ್ಷಮಿಸಿ ಎಂದು ಬಾಯಿಗೆ ಬಂತು, ಅದು ತೀರ ಸಣ್ಣ ಮಾತು ಅನಿಸಿತು. ಆದರೂ ಹೇಳಿದೆ. ಅವರು ಎದ್ದು ಹೊರಗೆ ಹೋದರು. ಜಗಲಿಯ ಮೇಲೆ ಅವರು ಅತ್ತಿಂದಿತ್ತ ನಡೆಯುವುದು ಕೇಳುತ್ತಿತ್ತು. ಇನ್ನು ಹೊರಡುವುದು ಒಳ್ಳೆಯದು ಎಂದು ಚೀಲ ಎತ್ತಿಕೊಳ್ಳುವಾಗ ಒಳಗೆ ಬಂದು, ಕೂತ್ಕೊಳ್ಳಿ ಎಂದರು.

“ಬರೆದ ನನ್ನ ಹತ್ರ ಉಳೀಲಿಲ್ಲ. ದುಡ್ಡು ಕೊಟ್ಟು ಕೊಂಡೋರ ಹತ್ರಾನೂ ಉಳೀಲಿಲ್ಲ. ಕದ್ದೋರ ಮನೆ ಉಪ್ಪಿನಕಾಯಿ ಪಕ್ಕ ಉಳಕೊಂಡಿದೆ. ಇದಕ್ಕೆ ಏನನ್ಬೇಕೋ ನಂಗಂತೂ ತಿಳೀತಿಲ್ಲ.”

ಹಕ್ಕಿಯನ್ನು ಅಳಿಸಿಕೊಡುತ್ತೇನೆ, ಎರಡು ನಿಮಿಷದ ಕೆಲಸ ಎಂದೆ. ಅವರು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿದರು.

“ಹಕ್ಕಿ ಇದೆ ಅಂತಲ್ಲ ನನ್ನ ದೂರು. ಬೆಳಕು ಎಡಗಡೆಯಿಂದ ಬೀಳ್ತಿದೆ, ನೋಡಿ, ಹೂಕುಂಡದ ನೆರಳು ಎಲ್ಲಿದೆ? ಬಲಕ್ಕೆ. ನಿಮ್ಮ ಹಕ್ಕಿ ನೆರಳು? ಎಡಕ್ಕೆ. ಹದಿನಾರು ವರ್ಷದಿಂದ ಈ ಕಿಟಕಿ ಮುಂದೆ ಬಂದಾಗೆಲ್ಲ ನನಗೆ ಹಲ್ಲು ಕಡಿಯೋ ಹಾಗಾಗತ್ತೆ.”

ನೋಡಿದೆ. ನಿಜ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೀಗ ಒಡೆಯಲು ಹನ್ನೊಂದು ದಿನ ಕೊಟ್ಟವಳು, ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ಒಂದು ನಿಮಿಷ ನೋಡಿರಲಿಲ್ಲ. ನಾಚಿಕೆಯಾಯಿತು. ಉಳಿದದ್ದಕ್ಕೆಲ್ಲ ಆದದ್ದಕ್ಕಿಂತ ಇದಕ್ಕೇ ಹೆಚ್ಚು ನಾಚಿಕೆಯಾಯಿತು, ಇದೂ ನಿಜ.

“ಸರಿಮಾಡಬಹುದಾ?” ಎಂದು ಕೇಳಿದರು. “ಅಂದ್ರೆ, ನಮ್ಮ ಮನೇಲಿ, ನಾವೇ?”

ಬೀಗ ಇಲ್ಲವಲ್ಲ ಎಂದೆ. ಚಿತ್ರವನ್ನು ತೆರೆದು ಕೊಟ್ಟೆ. ಅವರು ಮೌಸ್ ಹಿಡಿದರು, ಚುಕ್ಕಿ ಬೀಳಬೇಕಾದ ಕಡೆಯೇ ಬೀಳುತ್ತಿತ್ತು. ಎಡಗಡೆಯ ನೆರಳನ್ನು ಅಳಿಸಿದರು, ಬಲಕ್ಕೆ ಹೊಸದಾಗಿ ಬರೆದರು, ಅಂಚಿನಲ್ಲಿ ಸ್ವಲ್ಪ ನೀಲಿ ಬೆರೆಸಿದರು. ನೀಲಿ ಯಾಕೆ ಎಂದೆ. ಬೆಳಗಿನ ನೆರಳು ಕಪ್ಪಗಿರಲ್ಲ ಎಂದರು. ಹಕ್ಕಿ ಮೊದಲ ಸಲ ಕಿಟಕಿಯ ಮೇಲೆ ಕೂತಂತೆ ಕಂಡಿತು. ಇಷ್ಟು ದಿನ ಅಂಟಿಸಿದಂತೆ ಇತ್ತು.

ಮತ್ತೆ ತಂತಿ ಕಿತ್ತೇ ನೋಡಿದೆವು. ನಾನು ಚೀಲದಿಂದ ಹಸಿರು ರಿಜಿಸ್ಟರ್ ತೆಗೆದು ಎರಡು ಸಾವಿರದ ಹತ್ತರ ಆ ಹಾಳೆ ಹುಡುಕಿದೆ. ‘ಪ್ರಕಾಶಕರ ಮೂಲ ಪ್ರತಿ’ ಎಂಬುದನ್ನು ಹೊಡೆದುಹಾಕಿ ‘ರದೋಮಿನ ನೆಲಮಾಳಿಗೆಯಿಂದ, ಬೋಗ್ನಾ ಕದ್ದದ್ದು’ ಎಂದು ಬರೆದು ಸಹಿ ಹಾಕಿದೆ. ಅವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಅದರ ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಸೇರಿಸಿದರು: ‘ಚಿತ್ರಗಳು ಅಪೊಲಿನಾರಿಯವು. ಹಕ್ಕಿಯ ನೆರಳು ಈಗ ಸರಿಯಿದೆ.’

ಎರಡೂ ಭರಣಿ ಅವರಲ್ಲೇ ಉಳಿದಿವೆ. ಖಾಲಿಯಾದ ಮೇಲೆ ಇಸಿದುಕೊಳ್ಳಲು ಬರಬೇಕು.